ಕಾಣದ ಎಡಗಡೆ

ನಮ್ಮ ಯಜಮಾನರಿಗೆ ಎಡಗಡೆ ಕಾಣಿಸುವುದಿಲ್ಲ. ಹಾಗಂತ ಕಳೆದ ವಾರದವರೆಗೂ ನಂಬಿದ್ದೆ.

(ಈ ಅಂಕಣದಲ್ಲಿ ಆಗಾಗ ಬೈಸಿಕೊಳ್ಳುವ ಅದೇ ಯಜಮಾನರು. ರಿಟೈರ್ಡ್ ಆಡಿಟರ್.) ಈ ವರ್ಷದ ಶುರುವಿನಲ್ಲಿ ಅವರಿಗೆ ಸ್ಟ್ರೋಕ್ ಆಯಿತು. ಕೈಕಾಲು, ಮಾತು ಉಳಿದವು. ಕಣ್ಣಿಗೂ ಏನಾಗಲಿಲ್ಲ. ಆದರೆ ಮಿದುಳಿನಲ್ಲಿ ನೋಟದ ಜಾಗಕ್ಕೆ ಪೆಟ್ಟು ಬಿದ್ದು, ಪ್ರಪಂಚದ ಎಡ ಅರ್ಧ ಹೋಯಿತು. ಅಂದಿನಿಂದ ಹೊರಗೆ ಹೊರಟರೆ ನಾನು ಅವರ ಎಡಕ್ಕೇ ನಡೆಯುತ್ತೇನೆ, ಬಾಡಿಗಾರ್ಡ್ ಥರ.

ಕಳೆದ ವಾರ ಜಯನಗರ ಫೋರ್ತ್ ಬ್ಲಾಕಿನಲ್ಲಿ ಬಾಡಿಗಾರ್ಡ್ ಮೊಬೈಲ್ ನೋಡುತ್ತಿದ್ದಳು. ಸದ್ದೇ ಇಲ್ಲದ ಎಲೆಕ್ಟ್ರಿಕ್ ಸ್ಕೂಟರೊಂದು ಎಡಗಡೆಯಿಂದ ಫುಟ್‌ಪಾತ್ ಹತ್ತಿತು. (ಫುಟ್‌ಪಾತ್ ಇರುವುದು ಮತ್ತೆ ಯಾಕೆ?) ನಾನು ತಲೆ ಎತ್ತುವಷ್ಟರಲ್ಲಿ ಯಜಮಾನರು ನನ್ನ ರಟ್ಟೆ ಹಿಡಿದು ಬಲಕ್ಕೆ ಎಳೆದುಕೊಂಡಿದ್ದರು. ಸ್ಕೂಟರಿನವನು ತಿರುಗಿಯೂ ನೋಡದೆ ಹೋದ.

"ಸ್ಕೂಟರ್ ಕಾಣಿಸ್ತೇನ್ರೀ?"

"ಯಾವ ಸ್ಕೂಟರ್?"

"ಮತ್ತೆ ನನ್ನ ಯಾಕೆ ಎಳೆದ್ರಿ?"

"ಗೊತ್ತಿಲ್ಲ ಕಣೇ. ಎಳೀಬೇಕು ಅನ್ನಿಸ್ತು."

ನನಗೆ ಅನುಮಾನ. ಇಷ್ಟು ತಿಂಗಳು ತರಕಾರಿ ತರುವುದನ್ನು ತಪ್ಪಿಸಿಕೊಳ್ಳಲು ನಾಟಕವೇ? ಅವರನ್ನು ನೋಡುತ್ತಿರುವ ಜೆ.ಪಿ. ನಗರದ ನರರೋಗ ಡಾಕ್ಟರ ಮುಂದೆ ಕೂರಿಸಿ ದೂರು ಹೇಳಿದೆ.

ಆಕೆ ನಗಲಿಲ್ಲ. ನೇರ ತಮ್ಮನ್ನೇ ನೋಡಲು ಹೇಳಿ, ಇವರ ಎಡಗಡೆ ಪೆನ್ನು ಹಿಡಿದು, ನೆಟ್ಟಗಿದೆಯೋ ಅಡ್ಡಲಾಗಿದೆಯೋ ಎಂದರು. ಕಾಣಿಸುತ್ತಿಲ್ಲ ಎಂದರು ಇವರು. ಪರವಾಗಿಲ್ಲ, ಊಹಿಸಿ ಎಂದರು ಡಾಕ್ಟರು. ಇವರಿಗೆ ಸಿಟ್ಟು ಬಂತು. ಊಹೆಯ ಮೇಲೆ ಜೀವಮಾನದಲ್ಲೇ ಸಹಿ ಹಾಕಿದವರಲ್ಲ. ಒಲ್ಲದ ಮನಸ್ಸಿನಿಂದ ಊಹಿಸುತ್ತಾ ಹೋದರು. ಹೆಚ್ಚೂ ಕಮ್ಮಿ ಎಲ್ಲ ಸರಿ.

ಸಂತೋಷವಾಗುವ ಬದಲು ಇವರ ಮುಖ ಇಳಿಯಿತು. "ನನಗೇ ಗೊತ್ತಿಲ್ದೆ ಒಳಗೆ ನೋಡ್ತಿರೋನು ಯಾರು ಡಾಕ್ಟ್ರೇ?"

ಡಾಕ್ಟರು ಬಿಡಿಸಿ ಹೇಳಿದರು. ಕಣ್ಣಿನಿಂದ ಮಿದುಳಿಗೆ ಇರುವುದು ಒಂದೇ ದಾರಿಯಲ್ಲ. ಇವರಲ್ಲಿ ದೊಡ್ಡ ದಾರಿ ಕೆಟ್ಟಿದೆ, ಸಣ್ಣವು ಉಳಿದಿವೆ. ಅಲ್ಲಿ ಬಂದ ಸುದ್ದಿ ಕೈಗೆ ಮುಟ್ಟುತ್ತದೆ, ಇವರ ಅರಿವಿಗೆ ಮುಟ್ಟುವುದಿಲ್ಲ. ನಾಟಕವಲ್ಲ. ಎದುರಿನವರ ಮುಖದಲ್ಲಿರುವ ಭಯ, ದುಃಖ ಕೂಡ ಕೆಲವರಿಗೆ ಹೀಗೇ ತಲುಪುವುದುಂಟಂತೆ.

ವಾಪಸು ಬರುವಾಗ ಆಟೋದಲ್ಲಿ ಡಾಕ್ಟರ ಆ ಕೊನೆಯ ಮಾತನ್ನೇ ಯೋಚಿಸುತ್ತಿದ್ದೆ.

ನಿಮಗೂ ಹೇಳದ ಸಂಗತಿ ಒಂದಿದೆ. ಸ್ಟ್ರೋಕ್ ಆದಾಗಿನಿಂದ ಸಂಜೆ ವರಾಂಡದಲ್ಲಿ ಅವರ ಎಡಗಡೆ ಕೂತು ಸದ್ದಿಲ್ಲದೆ ಅಳುತ್ತೇನೆ. ಮನೆಯಲ್ಲಿ ಅದಕ್ಕಿಂತ ಸೇಫ್ ಜಾಗ ಎಲ್ಲಿದೆ? ಸ್ವಲ್ಪ ಹೊತ್ತಿಗೆ ಅವರು ರಸ್ತೆ ನೋಡುತ್ತಲೇ, ಯಾಕೋ ಸುಮ್ಮಸುಮ್ಮನೆ ಬೇಜಾರು ಅನ್ನುತ್ತಾರೆ. ಮಾತ್ರೆಯಿಂದ ಇರಬೇಕು ಅಂದುಕೊಂಡಿದ್ದೆ. ಮಾತ್ರೆ ಬದಲಾಯಿಸಿಯೂ ಆಗಿತ್ತು.

ಅವತ್ತು ಸಂಜೆ ಕುರ್ಚಿಯನ್ನು ಅವರ ಬಲಗಡೆ ಹಾಕಿಕೊಂಡೆ. ಎಲ್ಲವನ್ನೂ ಹೇಳಿದೆ, ಅಳುತ್ತಲೇ. ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು.

"ಓ, ಆ ಬೇಜಾರು ನಿಂದಾ? ನಾನು ನಂದು ಅಂದ್ಕೊಂಡಿದ್ದೆ."

ನಿಮ್ಮ ಮನೆಯಲ್ಲಿ ಇವತ್ತಿನ ಬೇಜಾರು ಯಾರದ್ದು, ಕೇಳಿ ನೋಡಿದಿರಾ?