ನೀರು ಹೊರುವವಳ ಸೊಂಟದ ಬೀಗದ ಕೈ

ಹೋದ ಬೇಸಿಗೆಯಲ್ಲಿ ನನ್ನ ಮಂಡಿಗೆ ಆಪರೇಷನ್ ಆಯಿತು. ಪಾಂಡವಪುರದ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತ, ದಿನಾ ಬಸ್ಸಿನಲ್ಲಿ ನಿಂತು ಓಡಾಡಿ ಸವೆದ ಮಂಡಿ ಅದು. ಶ್ರೀರಂಗಪಟ್ಟಣದ ನಮ್ಮ ಮನೆಯಲ್ಲಿ ಕಾಲು ಚಾಚಿಕೊಂಡು ಮಲಗಿದ್ದಾಗ ನನ್ನನ್ನು ನೋಡಿಕೊಳ್ಳಲು ಕೆ.ಆರ್. ಪೇಟೆಯಿಂದ ತಂಗಿ ಬಂದಳು. ಅವಳ ಮನೆಯಲ್ಲಿ ಹಸುಗಳಿವೆ. ಹಾಲು ಕರೆಯುವವರು ಯಾರು ಎಂದು ಕೇಳಿದರೆ, "ನಿಮ್ ಭಾವ ಕರೀತಾರೆ ಬುಡು. ಕೈಯಿಲ್ವಾ ಅವ್ರಿಗೆ?" ಎಂದಳು. ಅವಳು ತನ್ನ ಗಂಡನನ್ನು ತಮಾಷೆಗೆ ನಿಮ್ ಭಾವ ಎನ್ನುತ್ತಾಳೆ. ಅವನು ನನಗಿಂತ ಚಿಕ್ಕವನು.

ಚಿಕ್ಕಂದಿನಿಂದ ನಮ್ಮಿಬ್ಬರಿಗೂ ಒಗಟು, ಪದಬಂಧ ಎಂದರೆ ಪ್ರಾಣ. ಪೇಪರು ಬಂದ ಕೂಡಲೇ ಪೆನ್ನಿಗಾಗಿ ಕಿತ್ತಾಡಿ ಅಪ್ಪನಿಂದ ಬೈಸಿಕೊಂಡವರು ನಾವು. ಹಾಗಾಗಿ ಅವಳು ತನ್ನ ಲ್ಯಾಪ್‌ಟಾಪ್ ತೆರೆದು, "ಅಕ್ಕ, ಒಂದು ಆಟ ತಂದಿವ್ನಿ. ಒಗಟು ಬಿಡುಸ್ಕಂಡು ಬೀಗ ತೆಗ್ದು ಈಚೆ ಬರ್ಬೇಕು. ಅದೂ ಎಲ್ಲಿ ಗೊತ್ತಾ? ನಮ್ಮೂರ್ ಕೋಟೇಲಿ!" ಎಂದಾಗ ನೋವೆಲ್ಲ ಮರೆತು ಎದ್ದು ಕೂತೆ.

ಆಟ ಹೀಗೆ. ನೀವೊಬ್ಬ ಬಿಳಿಯ ಸಿಪಾಯಿ. ನದಿಯ ನಡುವಿನ ದ್ವೀಪದ ಕೋಟೆಯಲ್ಲಿ ನಿಮ್ಮನ್ನು ಕೂಡಿಹಾಕಿದ್ದಾರೆ. ಒಂದೊಂದು ಕೋಣೆಯಲ್ಲೂ ಸಿಕ್ಕಿದ ಸಾಮಾನುಗಳನ್ನು ತಡಕಾಡಿ, ಗುಟ್ಟು ಬಿಡಿಸಿ, ಬೀಗ ತೆಗೆದು ಮುಂದಿನ ಕೋಣೆಗೆ ಹೋಗಬೇಕು. ನಮ್ಮೂರಿನ ಕೋಟೆಯೊಳಗೆ ಹುಟ್ಟಿ ಬೆಳೆದ ನಾವು ಅಲ್ಲಿಂದ ತಪ್ಪಿಸಿಕೊಳ್ಳುವ ಸಿಪಾಯಿಯಾಗಬೇಕು ಎನ್ನುವುದೇ ನನಗೆ ಕಸಿವಿಸಿಯಾಯಿತು. ಆದರೂ ಆಟವಲ್ಲವೇ ಎಂದುಕೊಂಡೆ. ಕಿಟಕಿಯಾಚೆ ಮರಳುಗಾಡು ಕಂಡಿತು. ಕಾವೇರಿಯ ದಡದಲ್ಲಿ ಒಂಟೆ ನಡೆದುಹೋಯಿತು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಹೊಲಿಗೆ ಎಳೆದು ನೋಯುವಷ್ಟು ನಕ್ಕೆ.

ನಗು ನಿಂತದ್ದು ಮುಂದೆ. ಒಂದು ಕೋಣೆಯ ಗೋಡೆಯ ಮೇಲೆ, ಪಂಜಿನ ಬೆಳಕಿನಲ್ಲಿ, ಕಲ್ಲಿನಲ್ಲಿ ಕೊರೆದ ಕನ್ನಡ ಅಕ್ಷರಗಳು ಕಾಣಿಸಿದವು. ನನಗೆ ಮೈ ಜುಮ್ಮೆಂದಿತು. ಯಾವ ದೇಶದವರೋ ಮಾಡಿದ ಆಟದಲ್ಲಿ ನಮ್ಮ ಲಿಪಿ! ಕನ್ನಡಕ ಹಾಕಿಕೊಂಡು ಓದಿದೆ: "ಪಾದರಕ್ಷೆಗಳನ್ನು ಇಲ್ಲಿ ಬಿಡಿ."

ಯಾವುದೋ ದೇವಸ್ಥಾನದ ಬಾಗಿಲಲ್ಲಿ ನೇತುಹಾಕಿದ ಬೋರ್ಡಿನ ಫೋಟೋ ತೆಗೆದು, ಅದನ್ನೇ ಹಳೆಯ ಶಾಸನವೆಂದು ಗೋಡೆಗೆ ಅಂಟಿಸಿದ್ದರು. ನಾವು ಅಷ್ಟು ಬೇಗ ಸೋಲೊಪ್ಪುವವರಲ್ಲ. ಇರಲಿ, ಅದೇ ಸುಳಿವಿರಬಹುದು ಎಂದು ಸಿಪಾಯಿಯ ಬೂಟು ಬಿಚ್ಚಿಸಿ ಗೋಡೆಯ ಕೆಳಗೆ ಇಟ್ಟೆವು. ತಪ್ಪು ಎಂದು ಗಂಟೆ ಬಡಿಯಿತು. ಬಾಗಿಲ ಬಳಿ ಇಟ್ಟೆವು. ಮತ್ತೆ ಗಂಟೆ. ಕೊನೆಗೆ ತಂಗಿ ಸುಳಿವಿನ ಗುಂಡಿ ಒತ್ತಿದಳು. ಈ ವಿಚಿತ್ರ ಚಿತ್ರಗಳಲ್ಲಿ ದುಂಡಗಿನ ಸುರುಳಿಗಳು ಎಷ್ಟಿವೆ ಎಣಿಸಿ, ಅದೇ ಬೀಗದ ಸಂಖ್ಯೆ ಎಂದು ಬಂತು.

ಚಿತ್ರಗಳಂತೆ! ಓದಲು ಬಾರದವನಿಗೆ ತೆರೆಯುವ ಬೀಗ ಓದಲು ಬಂದ ನಮಗೆ ತೆರೆಯಲಿಲ್ಲ. ನಾನು ದಿನವೂ ಬೋರ್ಡಿನ ಮೇಲೆ ಬರೆಯುವ, ನಮ್ಮಮ್ಮ ಉಪ್ಪಿನಕಾಯಿ ಜಾಡಿಯ ಮೇಲೆ ಚೀಟಿ ಅಂಟಿಸಿ ಬರೆಯುತ್ತಿದ್ದ ಅಕ್ಷರಗಳು ಅವರಿಗೆ ಬರೀ ಸುರುಳಿ. ನನ್ನ ಕಿವಿ ಬಿಸಿಯಾಯಿತು. ತಂಗಿ ಸುರುಳಿ ಎಣಿಸಿದಳು. ಬಾಗಿಲು ತೆರೆಯಿತು.

ಆಚೆ ಕೋಣೆಯಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ತಲೆಯ ಮೇಲೆ ಬಿಂದಿಗೆ, ಸೊಂಟದಲ್ಲಿ ಬೀಗದ ಕೈ. ಕೈದಿಗಳಿಗೆ ನೀರು ತರುವವಳು. ಸಿಪಾಯಿ ಹತ್ತಿರ ಹೋದರೆ ಏನೋ ಗೊಣಗುತ್ತಾಳೆ. ಕನ್ನಡವಲ್ಲ, ಉರ್ದುವಲ್ಲ, ಯಾವ ಭಾಷೆಯೂ ಅಲ್ಲ, ಬರೀ ಗಲಗಲ. ಕೋಣೆಯ ಮೂಲೆಯಲ್ಲಿ ಒಂದು ಒನಕೆ ಇತ್ತು.

ನಾವು ಅವಳಿಗೆ ಬಾಳೆಹಣ್ಣು ಕೊಟ್ಟೆವು. ತೆಗೆದುಕೊಳ್ಳಲಿಲ್ಲ. ಸಿಪಾಯಿಯ ಉಂಗುರ ಕೊಟ್ಟೆವು. ಇಲ್ಲ. ಕೈಮುಗಿಯಲು ಗುಂಡಿಯೇ ಇರಲಿಲ್ಲ. ಸುಳಿವು ಕೇಳಿದರೆ ಒನಕೆ ಮಿನುಗಿತು. ಹಿಂದಿನಿಂದ ತಲೆಗೆ ಹೊಡೆದು ಬೀಗದ ಕೈ ಕಿತ್ತುಕೊಳ್ಳಬೇಕು. ಬೇರೆ ದಾರಿಯಿಲ್ಲ.

"ನಾನು ಹೊಡೆಯಲ್ಲ" ಎಂದೆ.

"ಆಟ ಕಣಕ್ಕ. ಬೊಂಬೆಗೆ ಒಡುದ್ರೆ ನೋವಾಯ್ತದಾ?"

"ಅವಳು ನಿನಗೇನು ಮಾಡಿದ್ದಾಳೆ? ನೀರು ತಂದುಕೊಟ್ಟಿದ್ದಾಳೆ."

"ಅಯ್ಯೋ, ಇಂಗೆ ಮಾಡುದ್ರೆ ಮುಂದುಕ್ ಓಗದ್ ಎಂಗೆ?"

"ಹೋಗೋದು ಬೇಡ."

ನಮ್ಮಜ್ಜಿ ಹೊಳೆಯಿಂದ ಬಿಂದಿಗೆ ಹೊತ್ತು ತಂದೇ ಸಂಸಾರ ಮಾಡಿದವಳು. ಅವಳು ತುಂಬಿದ ಬಿಂದಿಗೆ ಹೊತ್ತು ಮೆಟ್ಟಿಲು ಹತ್ತುವಾಗ ಎದುರು ಬಂದ ಗಂಡಸರು, ಎಂಥವರೇ ಆಗಲಿ, ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ಅದನ್ನು ಹೇಳಿದೆ. ತಂಗಿ, "ನಿಂಗೆ ಸೋಲಕ್ಕಾಗಲ್ಲ, ಅದುಕ್ಕೆ ಅಜ್ಜೀನ ಎಳ್ಕಬತ್ತೀಯ" ಎಂದಳು. ನಾನು ಲ್ಯಾಪ್‌ಟಾಪ್ ಮುಚ್ಚಿಬಿಟ್ಟೆ. ಮಧ್ಯಾಹ್ನ ಅವಳು ತಟ್ಟೆ ಕುಕ್ಕಿದಳು, ನಾನು ಗೋಡೆ ನೋಡಿಕೊಂಡು ಉಂಡೆ. ಸಾರಿಗೆ ಉಪ್ಪು ಕಮ್ಮಿಯಿತ್ತು, ಅದನ್ನೂ ಹೇಳಲಿಲ್ಲ.

ಸಂಜೆ ಆಟ ಮಾಡಿದವರಿಗೆ ಮೇಲ್ ಬರೆದೆ. ಗೋಡೆಯ ಮೇಲಿನ ಬರಹದ ಅರ್ಥ ಹೇಳಿದೆ. ಆ ಹೆಂಗಸಿಗೊಂದು ಮಾತು ಕೊಡಿ, ಹೊಡೆಯದೆ ಬೀಗದ ಕೈ ಪಡೆಯುವ ದಾರಿ ಕೊಡಿ ಎಂದು ಕೇಳಿದೆ. ಉತ್ತರ ಬಂತು. ನಮ್ಮ ಆಟ ನಿಮಗೆ ಇಷ್ಟವಾಗಿದ್ದಕ್ಕೆ ಸಂತೋಷ, ಇದೆಲ್ಲ ಕಲ್ಪನೆ, ಆದರೂ ಆ ಕಾಲದ ವಾತಾವರಣವನ್ನು ನಿಷ್ಠೆಯಿಂದ ಕಟ್ಟಿದ್ದೇವೆ ಎಂದು ಬರೆದಿದ್ದರು. ಪಾದರಕ್ಷೆಯ ಮಾತೇ ಇಲ್ಲ. ನಾನು ಬರೆದದ್ದನ್ನು ಯಾರೂ ಓದಿರಲಿಲ್ಲ.

ಕೋಲು ಹಿಡಿದು ನಡೆಯುವಂತಾದ ಮೇಲೆ ಊರಿಗೆ ಹೋಗಿದ್ದ ತಂಗಿ ಮತ್ತೆ ಬಂದಳು. ಒಂದು ಬೆಳಿಗ್ಗೆ ಇಬ್ಬರೂ ಹೊಳೆಯ ಕಡೆ ನಿಧಾನವಾಗಿ ಹೊರಟೆವು. ದಾರಿಯಲ್ಲಿ ಕೋಟೆಯ ಹಳೆಯ ಸೆರೆಮನೆ ಸಿಗುತ್ತದೆ. ಇಳಿದು ಹೋಗುವ ಕಮಾನಿನ ಕೋಣೆ, ಕೈದಿಗಳ ಕೈಕಟ್ಟಿ ನಿಲ್ಲಿಸುತ್ತಿದ್ದ ಕಲ್ಲುಗಳು, ಒಂದು ಫಿರಂಗಿ. ಚಿಕ್ಕಂದಿನಿಂದ ನೋಡಿದ ಜಾಗ. ಒಳಗೆ ತಂಪಾಗಿರುತ್ತದೆಂದು ಸ್ವಲ್ಪ ಹೊತ್ತು ಕೂರಲು ಹೋದೆವು.

ಅಲ್ಲಿ ಒಬ್ಬ ಗೈಡು ಒಂದು ಸಂಸಾರಕ್ಕೆ ಊರು ತೋರಿಸುತ್ತಿದ್ದ. ಮುಖಪರಿಚಯದವನೇ. ಗಂಡ, ಹೆಂಡತಿ, ಕಾಲೇಜಿಗೆ ಹೋಗುವ ವಯಸ್ಸಿನ ಮಗಳು. ಗೈಡು ಒಂದು ಮೂಲೆಗೆ ಬೆರಳು ತೋರಿಸಿ, "ಇದೇ ಜಾಗ ಸಾರ್. ನೀರು ತತ್ತಿದ್ದ ಎಂಗ್ಸಿಗೆ ಇಲ್ಲೇ ಒನಕೇಲಿ ಒಡ್ದು, ಬೀಗದ್ ಕೈ ಕಿತ್ಕಂಡು ಓಡೋದ್ರು" ಎಂದ. ಗಂಡ ಮಗಳನ್ನು ಆ ಮೂಲೆಯಲ್ಲಿ ನಿಲ್ಲಿಸಿ, ತಲೆಯ ಮೇಲೆ ನೀರಿನ ಬಾಟಲಿ ಇಟ್ಟುಕೊಳ್ಳಲು ಹೇಳಿ ಫೋನೆತ್ತಿದ.

"ಯಾರ್ರೀ ನಿಮಗೆ ಈ ಕಥೆ ಹೇಳಿದ್ದು?" ಎಂದು ಕೂಗಿದೆ. ಕಮಾನಿನಲ್ಲಿ ನನ್ನ ದನಿ ಅನುರಣಿಸಿತು.

ಗೈಡು ನನ್ನ ಹತ್ತಿರ ಬಂದು ಮೆಲ್ಲಗೆ, "ಬಂದವ್ರೆಲ್ಲಾ ಅದ್ನೇ ಕೇಳ್ತಾರೆ ಕಣಕ್ಕ. ಗೇಮ್ನಲ್ಲಿ ನೋಡಿರ್ತಾರೆ. ಅಂಗೇನೂ ಇಲ್ಲ ಅಂದ್ರೆ, ಇವ್ನಿಗೇನೂ ಗೊತ್ತಿಲ್ಲ ಅಂದ್ಬುಟ್ಟು ಬೇರೆಯವ್ನ ಕರ್ಕಂಡ್ ಓಯ್ತಾರೆ" ಎಂದ.

ಅವನಿಗೆ ಉತ್ತರ ಕೊಟ್ಟದ್ದು ನಾನಲ್ಲ, ತಂಗಿ. ಆಟ ಕಣಕ್ಕ ಎಂದು ನನ್ನನ್ನು ಹಂಗಿಸಿದವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಹೋದಳು. "ಆ ಎಂಗ್ಸಿನ ಎಸ್ರೇನು?"

"ಎಸ್ರು ಗೊತ್ತಿಲ್ಲ."

"ಯಾರ ಮನೆಯವ್ಳು? ಅರಕೆರೆಯವ್ಳಾ, ಈ ಕಡೆಯವ್ಳಾ? ಮಕ್ಳು ಮರಿ ಇದ್ವಾ?"

"ಅದೆಲ್ಲ ಎಂಗ್ ಗೊತ್ತಾಯ್ತದಕ್ಕ?"

"ಎಸ್ರು ಗೊತ್ತಿಲ್ಲ, ಮನೆ ಗೊತ್ತಿಲ್ಲ, ಒಡುದ್ ಸಾಯಿಸಿದ್ದು ಮಾತ್ರ ಗೊತ್ತು! ಉಟ್ಟಿದ್ದೇ ಗೊತ್ತಿಲ್ದೋಳ್ನ ಸಾಯ್ಸಕ್ಕೆ ನಿಂಗ್ ನಾಚ್ಕೆ ಆಗಲ್ವೇನಲಾ?"

ಗಂಡ ಫೋನು ಇಳಿಸಿ, "ಗೇಮ್‌ನಲ್ಲಿ ಹಾಗೇ ಇದೆ ಮೇಡಂ. ರಿಸರ್ಚ್ ಮಾಡೇ ಮಾಡಿರ್ತಾರೆ" ಎಂದು ನಗುತ್ತ ಹೇಳಿದ. ಆ ನಗು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವನೂ ಕನ್ನಡದವನೇ. ಗೋಡೆಯ ಮೇಲೆ ಏನು ಬರೆದಿತ್ತು, ಓದಿದಿರಾ ಎಂದು ಕೇಳಿದೆ. ಗಮನಿಸಲಿಲ್ಲ, ಸುರುಳಿ ಎಣಿಸಿದೆ ಎಂದ.

ಮಗಳು ಮಾತ್ರ ಬಾಟಲಿ ಕೆಳಗಿಳಿಸಿ, "ಹಾಗಾದ್ರೆ ನಿಜವಾಗಿ ಏನಾಗಿತ್ತು ಆಂಟಿ?" ಎಂದಳು. ಇಲ್ಲಿ ಕೈದಿಗಳನ್ನು ಕಟ್ಟಿ ಇಟ್ಟಿದ್ದರು, ಅಷ್ಟು ಗೊತ್ತು, ಅವರಿಗೆ ನೀರು ತಂದವರು ಹೆಂಗಸೋ ಗಂಡಸೋ ನನಗೆ ಗೊತ್ತಿಲ್ಲ ಎಂದೆ. ಇಷ್ಟು ವರ್ಷ ಪಾಠ ಹೇಳಿದವಳು ನಾನು, ಆದರೂ ಗೊತ್ತಿಲ್ಲ ಎನ್ನಬೇಕಾಯಿತು. ಅವಳು ತಲೆಯಾಡಿಸಿದಳು. ಅಪ್ಪ, "ಬಾ, ಬಿಸಿಲಾಗುತ್ತೆ" ಎಂದು ಕರೆದುಕೊಂಡು ಹೋದ. ಗೈಡು ನಮ್ಮನ್ನು ದುರುಗುಟ್ಟಿ ನೋಡಿ, "ಬೆಳಿಗ್ಗೆ ಬೋಣಿನೇ ಕೆಡಿಸ್ಬುಟ್ರಲ್ಲ" ಎನ್ನುತ್ತ ಅವರ ಹಿಂದೆ ಓಡಿದ.

ಮನೆಗೆ ಬಂದ ಮೇಲೆ ತಂಗಿ ಕಾಫಿ ಮಾಡಿ ಕೊಟ್ಟು ನನ್ನ ಪಕ್ಕ ಕೂತಳು. "ನಾನು ಅವತ್ತೇ ಒಡುದ್ಬುಟ್ಟೆ ಅಕ್ಕ. ನೀನ್ ಮಲಗಿದ್ದಾಗ" ಎಂದಳು. ಕೊನೆಯವರೆಗೂ ಆಡಿ ಮುಗಿಸಿದ್ದಳಂತೆ.

"ಕೊನೇಲಿ ಏನಿತ್ತು?"

"ಏನಿಲ್ಲ. ಕೋಟೆ ಇಂದ್ಗಡೆ ಅಡಗು ನಿಂತಿರ್ತದೆ, ಅತ್ಕಂಡ್ ಓಯ್ತಾನೆ." ಕಾವೇರಿಯಲ್ಲಿ ಹಡಗು! ನಗು ಬರಬೇಕಿತ್ತು, ಬರಲಿಲ್ಲ. ಅವಳು, "ಆ ಎಂಗ್ಸು ಬಿದ್ದಾಗ ಬಿಂದ್ಗೆ ಒಡೆದ್ ಸದ್ದು ಬತ್ತದೆ. ಅದು ಚೆನ್ನಾಗಿಲ್ಲ" ಎಂದು ಲೋಟ ತೆಗೆದುಕೊಂಡು ಒಳಗೆ ಹೋದಳು.

ಶಾಲೆ ಶುರುವಾಯಿತು. ಒಂದು ಭಾನುವಾರ ತರಕಾರಿ ತರುವಾಗ ಸೆರೆಮನೆಯ ಬಾಗಿಲಲ್ಲಿ ಅದೇ ಗೈಡು ನಿಂತು ಯಾರಿಗೋ ಹೇಳುತ್ತಿದ್ದ. ಕಥೆ ಬದಲಾಗಿತ್ತು. ಈಗ ಆ ಹೆಂಗಸು ಸಾಯುವುದಿಲ್ಲ. ಅವಳಿಗೊಂದು ಹೆಸರೂ ಬಂದಿತ್ತು, ಅರಕೆರೆ ಅವಳ ತವರು, ಮಕ್ಕಳು ಇಬ್ಬರು. ಏಟು ತಪ್ಪಿಸಿಕೊಂಡು ಸಿಪಾಯಿಯನ್ನೇ ಹೊಳೆಗೆ ನೂಕಿದಳಂತೆ. ನನ್ನನ್ನು ಕಂಡು ಅವನ ಮುಖ ಅರಳಿತು. "ಈಗ ಸರಿ ಅಲ್ವಾ ಮೇಡಂ?" ಎಂದು ಎಲ್ಲರ ಮುಂದೆಯೇ ಕೇಳಿದ.

"ಸರಿ ಅಲ್ಲ. ಇದೂ ಸುಳ್ಳೇ" ಎಂದೆ.

ಅವನ ಮುಖ ಬಾಡಿತು. ಬಂದವರು ನನ್ನನ್ನು ತಲೆಕೆಟ್ಟವಳಂತೆ ನೋಡಿದರು. ನನಗೆ ಅವನ ಮೇಲೆ ಸಿಟ್ಟಿತ್ತೋ, ಅವನಿಗೆ ಇಂಥ ಕೆಲಸ ಹಚ್ಚಿದವರ ಮೇಲೋ, ಈಗಲೂ ಬಿಡಿಸಿ ಹೇಳಲಾರೆ. ಸೊಪ್ಪಿನ ಚೀಲ ಕೆಳಗಿಟ್ಟು, ಸಿಟ್ಟಿನಲ್ಲೇ, ನನಗೆ ಗೊತ್ತಿರುವಷ್ಟನ್ನು ಅವರಿಗೆ ಮೊದಲಿನಿಂದ ಹೇಳತೊಡಗಿದೆ. ಅರ್ಧಕ್ಕೆ ಇಬ್ಬರು ಹೊರಟುಹೋದರು. ಗೈಡು ಮಾತ್ರ ಕೈಕಟ್ಟಿಕೊಂಡು ಕೊನೆಯವರೆಗೂ ಕೇಳಿದ.