ಖಳನಿಗೆ ಸೋಲಲು ಬರಬೇಕು

ಮೊದಲೇ ಹೇಳಿಬಿಡುತ್ತೇನೆ, ದುಷ್ಟರ ವಿಷಯದಲ್ಲಿ ನಾನು ಪಕ್ಷಪಾತಿ. ಟಿವಿಯಲ್ಲಿ ಹಾರುವ ನಾಯಕ ಬಂದರೆ ನಾನು ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸುವುದಿಲ್ಲ. ಖಳನ ನಗು ಕೇಳಿಸಿತೋ, ಚಾಕು ಕೆಳಗಿಟ್ಟು ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತೇನೆ.

ಇದಕ್ಕೆ ಕಾರಣ ಎರಡು. ಒಂದು, ನಾನು ದರ್ಜಿ. ಹೊಸನಗರದ ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಪುಟ್ಟ ಟೈಲರಿಂಗ್ ಅಂಗಡಿಯಿದೆ. ಮಗಳು ಸಿಂಚನಾ ದಿನಾ ಸಂಜೆ ನೋಡುವ ಧಾರಾವಾಹಿಯ ನಾಯಕನ ಮೈಮೇಲೆ ನಾನು ನೋಡುವಂಥದ್ದೇನೂ ಇಲ್ಲ. ಮೈಗಂಟಿದ ಒಂದು ಬನಿಯನ್, ಎದೆಯ ಮೇಲೊಂದು ಮಿಂಚಿನ ಚಿತ್ರ, ಅಷ್ಟೆ. ಖಳನ ಕೋಟು ಹಾಗಲ್ಲ. ಕಿವಿಯವರೆಗೆ ಸೆಟೆದು ನಿಂತ ಕಾಲರ್, ಅದರೊಳಗೆ ಕಡಿಮೆಯೆಂದರೂ ಎರಡು ಪದರ ಕ್ಯಾನ್ವಾಸು. ಬೆನ್ನ ಹಿಂದೆ ನೆಲ ಗುಡಿಸುವ ನಾಲ್ಕು ಮೀಟರ್ ಕಪ್ಪು ಬಟ್ಟೆ, ಅದಕ್ಕೆ ಕೆಂಪು ಲೈನಿಂಗ್. ಭೂಮಿಯನ್ನು ನಾಶ ಮಾಡುವ ಗಡಿಬಿಡಿಯಲ್ಲೂ ಪುಣ್ಯಾತ್ಮ ಲೈನಿಂಗ್ ಮರೆತಿಲ್ಲ. ನನ್ನ ಗಿರಾಕಿಗಳು ಮದುವೆಯ ಬ್ಲೌಸಿಗೇ ಲೈನಿಂಗ್ ಬೇಕಾ ಎಂದು ರಾಗ ಎಳೆಯುತ್ತಾರೆ.

ಆದರೆ ಆ ಕೋಟಿನಲ್ಲಿ ಒಂದು ದೋಷವಿದೆ. ಕಂಕುಳು ಬಿಗಿ. ಅವನು ಎರಡೂ ಕೈ ಎತ್ತಿ ಹಾ ಹಾ ಹಾ ಎಂದು ನಗುವಾಗ ಇಡೀ ಕೋಟು ಅವನ ಜೊತೆ ಮೇಲಕ್ಕೇಳುತ್ತದೆ. ಕೈಯನ್ನೇ ಸರಾಗವಾಗಿ ಎತ್ತಲಾಗದವನು ಜಗತ್ತನ್ನು ಹೇಗೆ ಗೆದ್ದಾನು?

"ಅವ್ನು ಸೋಲೋದು ಹೀರೋ ಕೈಲಿ ಅಲ್ಲ ಕಣೆ, ಟೈಲರ್ ಕೈಲಿ" ಎಂದೆ ಒಮ್ಮೆ.

"ಅಮ್ಮಾ, ಸುಮ್ನಿರು. ಕೇಳ್ತಿಲ್ಲ" ಎಂದಳು ಸಿಂಚನಾ. ನಾಲ್ಕನೇ ಕ್ಲಾಸಿನ ಹುಡುಗಿ. ಅವಳಿಗೆ ನ್ಯಾಯ ಗೆಲ್ಲುವುದನ್ನು ನೋಡುವ ಆತುರ.

ಎರಡನೆಯ ಕಾರಣ ಹೇಳಲು ಸ್ವಲ್ಪ ಸಂಕೋಚ. ನಾನೂ ಒಬ್ಬ ಖಳ. ನಮ್ಮದೊಂದು ಮಹಿಳಾ ತಾಳಮದ್ದಳೆ ತಂಡವಿದೆ. ವೇಷವಿಲ್ಲ, ಕುಣಿತವಿಲ್ಲ, ಎದುರುಬದುರು ಕುಳಿತು, ಭಾಗವತರು ಹಾಡಿದ ಪದಕ್ಕೆ ಪಾತ್ರವೇ ಆಗಿ ಅರ್ಥ ಹೇಳುವುದು, ವಾದ ಮಾಡುವುದು. ನನ್ನ ಗಂಟಲು ದಪ್ಪ. ತಂಡಕ್ಕೆ ಸೇರಿದ ದಿನ ನಾನು "ನಮಸ್ಕಾರ" ಎಂದಿದ್ದೇ ತಡ, ಎಲ್ಲರೂ ಒಟ್ಟಿಗೆ "ರಾಕ್ಷಸ ಸಿಕ್ತು" ಎಂದರು. ಅಂದಿನಿಂದ ನಾನು ದಾನವಕುಲ ಬಿಟ್ಟು ಹೊರಗೆ ಬಂದಿಲ್ಲ. ಸಾಗರದಿಂದ ಬರುವ ಸರೋಜಕ್ಕ ಶಾಲೆಯ ನಿವೃತ್ತ ಮೇಡಂ, ಮೆತ್ತಗಿನ ದನಿ. ಅವರು ಕಾಯಂ ದೇವರು.

ಹೀಗಾಗಿ ಟಿವಿಯ ಖಳನನ್ನು ನಾನು ಒಬ್ಬ ಸಹೋದ್ಯೋಗಿಯಂತೆ ನೋಡುತ್ತೇನೆ. ನೋಡಿ ಮರುಗುತ್ತೇನೆ. ನೆಲದಡಿಯ ಗುಹೆಯಲ್ಲಿ ವಾಸ, ಕರೆಂಟಿದ್ದರೂ ಒಂದೇ ಒಂದು ಹಸಿರು ಬಲ್ಬು. ದೊಡ್ಡ ಕುರ್ಚಿ, ಎದುರಿಗೆ ಕೂರುವವರಿಲ್ಲ. ಹೆಂಡತಿಯಿಲ್ಲ, ನೆಂಟರಿಲ್ಲ, ಅವನಿಗೆ ಅನ್ನ ಮಾಡಿ ಹಾಕುವವರು ಯಾರು ಎಂದು ಯಾವ ಕಂತಿನಲ್ಲೂ ತೋರಿಸಿಲ್ಲ. ನಾಯಕನನ್ನು ಕಟ್ಟಿಹಾಕಿದ ಮೇಲಾದರೂ ಕೆಲಸ ಮುಗಿಸುತ್ತಾನೆಯೇ? ಇಲ್ಲ. ತನ್ನ ಯೋಜನೆಯನ್ನೆಲ್ಲ ಅವನಿಗೇ ವಿವರಿಸುತ್ತಾನೆ. ಇದನ್ನು ಎಲ್ಲರೂ ದಡ್ಡತನ ಎನ್ನುತ್ತಾರೆ. ನನಗೆ ಹಾಗನಿಸುವುದಿಲ್ಲ. ಇಷ್ಟು ದಿನದಲ್ಲಿ ಅವನ ಮಾತು ಕೇಳಲು ಸಿಕ್ಕ ಮೊದಲ ಮನುಷ್ಯ ಆ ನಾಯಕ, ಅದೂ ಕಟ್ಟಿಹಾಕಿದ್ದಕ್ಕೆ.

ನಮ್ಮ ಪುರಾಣದ ದಾನವರು ಇಷ್ಟು ದರಿದ್ರರಲ್ಲ. ಅವರಿಗೆ ತಾಯಿಯಿದ್ದಾಳೆ, ತಮ್ಮ ಸತ್ತರೆ ಗೋಳಾಡುತ್ತಾರೆ, ಒಂಟಿ ಕಾಲಲ್ಲಿ ನಿಂತು ತಪಸ್ಸು ಮಾಡುತ್ತಾರೆ. ದೇವರ ಹೆಸರನ್ನು ಭಕ್ತರಿಗಿಂತ ಹೆಚ್ಚು ಸಲ ಹೇಳುತ್ತಾರೆ, ಬೈಯುತ್ತಲೇ ಆದರೂ. ಮತ್ತು ತಾಳಮದ್ದಳೆಯಲ್ಲಿ ಅವರಿಗೆ ವಾದ ಮಾಡುವ ಪೂರ್ತಿ ಹಕ್ಕಿದೆ. ಕೊನೆಗೆ ಸೋಲಬೇಕು ಎಂಬುದೊಂದೇ ಷರತ್ತು, ಯಾಕೆಂದರೆ ಸೋಲಿನ ಪದ ಭಾಗವತರ ಬಾಯಲ್ಲಿ ಮೊದಲೇ ಸಿದ್ಧವಾಗಿರುತ್ತದೆ.

ಈ ಷರತ್ತೇ ನನ್ನ ಮನೆಗೆ ಕುತ್ತು ತಂದಿತು. ಮಾಸ್ತಿಕಟ್ಟೆಯ ಕಾರ್ಯಕ್ರಮಕ್ಕೆ ಸಿಂಚನಾಳನ್ನು ಕರೆದೊಯ್ದಿದ್ದೆ. ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತವಳು ಕೇಳಿದಳು:

"ನೀನು ಯಾವಾಗ್ಲೂ ಸೋಲ್ತೀಯಲ್ಲಮ್ಮ. ಒಂದ್ಸಲನೂ ಗೆಲ್ಲಕ್ಕೆ ಬರಲ್ವಾ?"

ಆಮೇಲೆ ಅವಳು ನನ್ನ ಯಾವ ಕಾರ್ಯಕ್ರಮಕ್ಕೂ ಬರಲಿಲ್ಲ. ಹೊಟ್ಟೆನೋವು, ಹೋಂವರ್ಕು, ಗೆಳತಿಯ ಹುಟ್ಟುಹಬ್ಬ. ನನಗೆ ನಿಜವಾಗಿಯೂ ದುಃಖವಾಯಿತು. ಊರವರೆಲ್ಲ ಕೇಳುವ ಮಾತನ್ನು ಹೊಟ್ಟೆಯಲ್ಲಿ ಹುಟ್ಟಿದವಳು ಕೇಳುವುದಿಲ್ಲ ಎಂದರೆ ಏನು ಸುಖ? ಅರಳಸುರಳಿಯ ಕಾರ್ಯಕ್ರಮ ಗೊತ್ತಾದಾಗ ನನ್ನ ಬಾಯಿಂದ ಒಂದು ಮಾತು ಜಾರಿತು:

"ಬಾ, ಈ ಸಲ ಗೆಲ್ತೀನಿ."

"ದೇವ್ರಾಣೆ?"

"ದೇವ್ರಾಣೆ" ಎಂದೆ. ಆ ದೇವರನ್ನೇ ಸೋಲಿಸಬೇಕಾಗಿದೆ ಎಂಬುದು ಆಗ ಹೊಳೆಯಲಿಲ್ಲ.

ಭಾನುವಾರ ಮಧ್ಯಾಹ್ನ, ಶಾಲೆಯ ಸಭಾಂಗಣ. ಸಿಂಚನಾ ಮುಂದಿನ ಸಾಲಿನಲ್ಲೇ ಕುಳಿತಳು. ಸರೋಜಕ್ಕ ಎಂದಿನಂತೆ, ಪಡೆದ ವರವನ್ನು ಲೋಕಪೀಡೆಗೆ ಬಳಸಿದೆಯಲ್ಲ ಎಂದು ನನ್ನನ್ನು ಆಕ್ಷೇಪಿಸಿದರು. ಇಲ್ಲಿ ನಾನು ಒಂದಿಷ್ಟು ಗುಡುಗಿ ತಗ್ಗಬೇಕು. ತಗ್ಗಲಿಲ್ಲ.

"ವರ ಕೊಟ್ಟವನು ಯಾರು? ನೀನು. ಮನೆಗೆ ಕರೆದು, ಎಲೆ ಹಾಕಿ, ಸಾಕೆಂದರೂ ಬಡಿಸಿ, ಉಂಡೆದ್ದ ಮೇಲೆ ನಿನ್ನ ಹೊಟ್ಟೆ ಯಾಕೆ ಇಷ್ಟು ದೊಡ್ಡದೆಂದು ಬೈಯುವುದು ಯಾವ ಊರಿನ ಮರ್ಯಾದೆ?"

ಸಭೆ ನಕ್ಕಿತು. ಸರೋಜಕ್ಕ ಉತ್ತರ ಹುಡುಕುವಷ್ಟರಲ್ಲಿ ನಾನು ಇನ್ನೊಂದು ಎಸೆದೆ. ಅದಾದ ಮೇಲೆ ಮತ್ತೊಂದು. ಭಾಗವತರು ನನ್ನ ಸೋಲಿನ ಪದ ಎತ್ತಿಕೊಂಡರು, ನಾನು ಅದಕ್ಕೇ ಗೆಲುವಿನ ಅರ್ಥ ಹೇಳಿದೆ. ಅವರು ಕನ್ನಡಕ ಸರಿಮಾಡಿಕೊಂಡು ಅದೇ ಪದ ಮತ್ತೆ ಹಾಡಿದರು. ಮೂರನೆಯ ಸಲ ಹಾಡುವಾಗ ತಾಳವನ್ನು ನನ್ನ ಕಿವಿಯ ಹತ್ತಿರವೇ ತಂದು ಬಡಿದರು. ಹಿಂದೆ ಚಹಾದ ಲೋಟಗಳು ತಣ್ಣಗಾಗುತ್ತಿದ್ದವು. ಕೈಯೆತ್ತಿ ನಾನೊಂದು ನಗು ನಕ್ಕೆ. ಹಾ ಹಾ ಹಾ. ಕಂಕುಳಲ್ಲಿ ಬ್ಲೌಸು ಪರಕ್ಕೆಂದಿತು. ನಾನೇ ಹೊಲಿದದ್ದು.

ಸರೋಜಕ್ಕನ ತುಟಿ ಅದುರುತ್ತಿತ್ತು. ಪ್ರಶ್ನೆಗೆ ಉತ್ತರ ಗೊತ್ತಿದ್ದೂ ಹೇಳಲಾಗದ ಮಕ್ಕಳನ್ನು ವರ್ಷಗಟ್ಟಲೆ ಕಂಡವರು, ಈಗ ತಾವೇ ಹಾಗೆ ಕುಳಿತಿದ್ದರು. ಆಗ ಮುಂದಿನ ಸಾಲಿನಿಂದ ಸಿಂಚನಾ ಎದ್ದು ನಿಂತಳು.

"ಅಮ್ಮಾ, ಸಾಕು, ಸೋಲು! ಪಾಪ ಸರೋಜಜ್ಜಿ ಅಳ್ತಿದಾರೆ!"

ಇಡೀ ಸಭೆ ಗೊಳ್ಳೆಂದಿತು. ನನಗೆ ನಾಚಿಕೆಯಾಯಿತು, ಹರಿದ ಬ್ಲೌಸಿಗಲ್ಲ. ನಗು ಅಡಗುವವರೆಗೆ ಕಾದು, ಸೆರಗು ಸರಿಮಾಡಿಕೊಂಡು, ಸರೋಜಕ್ಕನಿಗೆ ಕೈಮುಗಿದೆ. "ಸ್ವಾಮಿ, ನಿನ್ನ ಮೌನಕ್ಕೆ ನನ್ನಲ್ಲಿ ಉತ್ತರವಿಲ್ಲ. ವೈಕುಂಠದಲ್ಲಿದ್ದವನು ನನ್ನೊಬ್ಬನಿಗಾಗಿ ಇಷ್ಟು ದೂರ ಬಂದೆಯಲ್ಲ. ನಾನು ಗೆಲ್ಲಬೇಕೆಂದಿದ್ದದ್ದು ಇಷ್ಟನ್ನೇ. ಇನ್ನು ನಿನ್ನ ಚಕ್ರ, ನನ್ನ ಕೊರಳು." ಸರೋಜಕ್ಕ ಕಣ್ಣೊರೆಸಿಕೊಂಡು, ಉಳಿದ ಅರ್ಥವನ್ನು ಎಷ್ಟು ಚೆನ್ನಾಗಿ ಹೇಳಿದರೆಂದರೆ, ಸಾಯಲು ನನಗೆ ಸಂತೋಷವಾಯಿತು.

ತಣ್ಣನೆಯ ಚಹಾ ಕುಡಿಯುವಾಗ ತಪ್ಪಾಯಿತು ಎಂದು ಅವರ ಕೈ ಹಿಡಿದುಕೊಂಡೆ.

"ದೇವರಿಗೇ ಬೆವರು ಬರ್ಸಿಬಿಟ್ಯಲ್ಲ ಮಾರಾಯ್ತಿ" ಎಂದರು ಅವರು. "ಆದ್ರೆ ಸೋತ್ಯಲ್ಲ, ಅದು ಬಾಳ ಚೆನ್ನಾಗಿತ್ತು."

ಬಸ್ಸಿನಲ್ಲಿ ಸಿಂಚನಾ ಈ ಸಲ ನನ್ನ ಕಡೆಗೇ ತಿರುಗಿ ಕುಳಿತಿದ್ದಳು.

"ಅಮ್ಮಾ, ನಿಂಗೆ ಗೆಲ್ಲಕ್ಕೆ ಬರತ್ತೆ ಅಲ್ವಾ? ಬೇಕಂತ್ಲೇ ಸೋಲ್ತಿದ್ಯಾ?"

"ಬೇಕಂತ ಅಲ್ಲ. ಅದೂ ಒಂದು ಕೆಲ್ಸ" ಎಂದೆ. ನಾನು ಸೆರಗಿನೊಳಗೆ ಕಂಕುಳು ಮುಚ್ಚಿಕೊಂಡು ಕುಳಿತೆ.

ಮರುದಿನ ಸಂಜೆ ಧಾರಾವಾಹಿಯಲ್ಲಿ ಖಳನ ಕೊನೆಗಾಲ ಬಂತು. ನಗುವನ್ನು ಕೇಳಿ ನಾನು ಎಂದಿನಂತೆ ಬಾಗಿಲಿಗೆ ಬಂದೆ. ಅವನು ಗೋಪುರದ ತುದಿಯಿಂದ ಬೀಳುತ್ತ, ನಿನ್ನನ್ನು ಬಿಡುವುದಿಲ್ಲ, ಮತ್ತೆ ಬರುತ್ತೇನೆ, ಸೇಡು ತೀರಿಸಿಕೊಳ್ಳುತ್ತೇನೆ ಎಂದು ದಾರಿಯುದ್ದಕ್ಕೂ ಕಿರುಚಿದ. ನಾಯಕ ಮೇಲೆ ನಿಂತು ಸುಮ್ಮನೆ ನೋಡುತ್ತಿದ್ದ. ಸಿಂಚನಾ ಚಪ್ಪಾಳೆ ತಟ್ಟಲಿಲ್ಲ. ಲೊಚಗುಟ್ಟಿದಳು.

"ಇವ್ನಿಗೆ ಸೋಲಕ್ಕೇ ಬರಲ್ಲ ನೋಡಮ್ಮ" ಎಂದಳು. ಆಮೇಲೆ ಪರದೆಯ ಹತ್ತಿರ ಹೋಗಿ, ನನ್ನ ಹಾಗೇ ಕತ್ತು ವಾರೆ ಮಾಡಿ ಅವನನ್ನೊಮ್ಮೆ ನೋಡಿದಳು.

"ಪಾಪ, ಕಂಕ್ಳಲ್ಲಿ ಹಿಡೀತಿದೆ."