ಬಂಗಲೆಯ ಹಿತ್ತಲಲ್ಲಿ ಉಂಡದ್ದು

ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿದರೆ ಸಾಕು, ನಜರ್‌ಬಾದಿನ ಆ ಬಂಗಲೆ, ಅದರ ಹಿತ್ತಲಲ್ಲಿದ್ದ ನಮ್ಮ ಪುಟ್ಟ ಹೆಂಚಿನ ಮನೆ, ಪಕ್ಕದ ಲಾಯದ ಕುದುರೆಗಳ ಕೆನೆತ ಎಲ್ಲವೂ ಎದ್ದು ಬರುತ್ತವೆ. ನಿಮಗೂ ಇಂಥದೊಂದು ಮನೆ ಇದ್ದೀತು. ಅಪ್ಪ ಬಂಗಲೆಯ ಯಜಮಾನರ ಸಾರೋಟು ಓಡಿಸುತ್ತಿದ್ದ; ಅವರು ಮಹಡಿಯ ಕಿಟಕಿಯಿಂದ ಕರೆದರೆ ಉಣ್ಣುವುದನ್ನೂ ಬಿಟ್ಟು "ಬಂದೆ ಬುದ್ಧಿ" ಎಂದು ಓಡುತ್ತಿದ್ದ. ಸಂಜೆ ಅವ್ವ ಒಲೆಯ ಮುಂದೆ ಮುದ್ದೆ ತಿರುವುತ್ತ, ಮಹಡಿಯಲ್ಲಿ ಹೊತ್ತಿಕೊಳ್ಳುವ ದೀಪಗಳನ್ನು ನೋಡುತ್ತಿದ್ದಳು. ಅಷ್ಟು ವರ್ಷ ಅಲ್ಲಿದ್ದರೂ ಅವಳು ಬಂಗಲೆಯ ಅಡುಗೆಮನೆ ದಾಟಿ ಒಳಗೆ ಹೋದವಳಲ್ಲ. "ಆ ಮಹಡಿ ಮ್ಯಾಲಿಂದ ನಮ್ಮನೆ ಎಂಗೆ ಕಾಣ್ತದೋ, ಒಂದ್ಸಲ ನೋಡ್ಬೇಕು ಕಣವ್ವ" ಎನ್ನುತ್ತಿದ್ದಳು ನನಗೆ.

ಯಜಮಾನರು ತೀರಿಕೊಂಡ ಮೇಲೆ ಅವರ ಮನೆಯವರು ಕುದುರೆಗಳನ್ನು ಮಾರಿದರು. ನಾವು ಲಷ್ಕರ್ ಮೊಹಲ್ಲಾದ ಬಾಡಿಗೆ ಮನೆಗೆ ಬಂದೆವು, ಅಪ್ಪ ಜಟಕಾ ಹಿಡಿದ. ಬಹಳ ಕಾಲ ಬೀಗ ಹಾಕಿಕೊಂಡು ಪಾಳುಬಿದ್ದಿದ್ದ ಬಂಗಲೆಯನ್ನು ನಾನು ಹೈಸ್ಕೂಲು ಸೇರಿದ ವರ್ಷ ರಿಪೇರಿ ಮಾಡಿಸಿ, ಸುಣ್ಣ ಬಳಿಸಿ, ಚಿತ್ರಗಳ ಮ್ಯೂಸಿಯಂ ಮಾಡಿದರು. ಯಾರು ಬೇಕಾದರೂ ಹೋಗಬಹುದಂತೆ ಎಂದು ಕೇಳಿದ್ದೇ ತಡ, ಅವ್ವ ಮದುವೆಯ ಸೀರೆ ಉಟ್ಟು ಚಿತ್ರಾನ್ನದ ಬುತ್ತಿ ಕಟ್ಟಿದಳು. ಅಪ್ಪನಿಗೆ ಮಾತ್ರ ಅಳುಕು. ಗೇಟು ದಾಟಿದವನೇ ಅಭ್ಯಾಸಬಲದಿಂದ ಹಿಂಬಾಗಿಲ ಕಡೆ ತಿರುಗಿದ.

"ಮುಂದ್ಲಿಂದ ಬನ್ನಿ. ನಾವೀಗ ನೋಡಾಕ್ ಬಂದೋರು" ಎಂದು ಅವ್ವ ಅವನ ತೋಳು ಹಿಡಿದಳು.

ಒಳಗೆ ಗೋಡೆಯ ತುಂಬ ರಾಣಿಯರು, ನವಿಲುಗಳು, ತುಂಬಿದ ಹೊಳೆಗಳು. ಅವ್ವ ಎಲ್ಲಕ್ಕೂ ಒಂದು ಕಣ್ಣು ಹಾಯಿಸಿ ಸೀದಾ ಮೆಟ್ಟಿಲು ಹತ್ತಿ, ಹಿಂದಿನ ಕಿಟಕಿಯಿಂದ ಬಗ್ಗಿ ನೋಡಿದಳು. ನಮ್ಮ ಮನೆ ಇರಲಿಲ್ಲ. ಲಾಯವೂ ಇರಲಿಲ್ಲ. ನಾವು ನೀರು ಸೇದುತ್ತಿದ್ದ ಬಾವಿಯೊಂದನ್ನು ಬಿಟ್ಟು ಅಲ್ಲೆಲ್ಲ ಕತ್ತರಿಸಿದ ಹಸಿರು ಹುಲ್ಲು. ಅವ್ವ ಜೋರಾಗಿ ನಕ್ಕಳು. "ನಮ್ಮನೆ ಹುಲ್ಲಾಗ್ಬುಟ್ಟದೆ ಕಣ್ರೀ! ಬನ್ನಿ, ಇಳೀರಿ."

ಕೆಳಗೆ ಬಾವಿಯ ಗುರುತು ಹಿಡಿದು ನಡೆದು, ಹುಲ್ಲಿನ ಮೇಲೆ ಒಂದು ಕಡೆ ಕೂತು ಬುತ್ತಿ ಬಿಚ್ಚಿಯೇ ಬಿಟ್ಟಳು. ಕಾವಲುಗಾರ ಓಡಿಬಂದ. "ಏನಮ್ಮ, ಇಲ್ಲಿ ಕೂರಂಗಿಲ್ಲ, ಏಳಿ ಏಳಿ!"

"ಇದು ನಮ್ಮ ಅಡುಗೆಮನೆ ಕಣಪ್ಪ. ನೀನು ನಿಂತಿರೋದು ಹೊಸ್ತಿಲ ಮ್ಯಾಲೆ. ಒಳಿಕ್ ಬಾ, ಒಂದು ತುತ್ತು ತಿನ್ನು."

ಅವನು ಅವಳ ಮುಖ ನೋಡಿದ, ಚಿತ್ರಾನ್ನ ನೋಡಿದ, ಅತ್ತಿತ್ತ ನೋಡಿ ಕುಕ್ಕರುಗಾಲಲ್ಲಿ ಕೂತ. ಅಪ್ಪ ಇನ್ನೂ ಮಹಡಿಯ ಕಿಟಕಿಗಳ ಕಡೆ ನೋಡುತ್ತ ನಿಂತೇ ಇದ್ದ. ಅವ್ವ ಪಕ್ಕದ ಹುಲ್ಲು ತಟ್ಟಿ ಮೆಲ್ಲಗೆ, "ಬುದ್ಧಿಯೋರು ಕರೆಯಾಕಿಲ್ಲ ಇನ್ನ. ಬನ್ನಿ, ನೀವು ದಿನಾ ಕೂರ್ತಿದ್ದ ಜಾಗ ಇದೇಯ" ಎಂದಳು. ಅಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತ. ನಾಲ್ಕೂ ಜನ ನಗುನಗುತ್ತ ತಿಂದೆವು.

ಅಪ್ಪ, ಅವ್ವ ಇಬ್ಬರೂ ಹೋಗಿ ಎಷ್ಟೋ ಕಾಲವಾಯಿತು. ನಮ್ಮ ಮನೆಯಲ್ಲಿ ನಾವು ಉಂಡ ಕೊನೆಯ ಊಟ ಅದು. ಮನೆಯಿರಲಿಲ್ಲ, ಅಷ್ಟೆ.